ಫಾಸ್ಟಿಂಗ್ (ಖಾಲಿ ಹೊಟ್ಟೆಯ ಶುಗರ್) ಸರಿಯಾಗಿದೆ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಮಾತ್ರ 8.1. ವಾಕಿಂಗ್, ಊಟದಲ್ಲಿ ಎಲ್ಲಿ ಎಡವುತ್ತಿದ್ದೇನೆ?

ತಿಳಿನೀರು:

ಟೈಪ್ 2 ಶುಗರ್, ಪತ್ತೆಯಾಗಿ ಒಂದೂವರೆ ವರ್ಷ. ವಯಸ್ಸು 52, ಎತ್ತರ 168 ಸೆಂ.ಮೀ., ತೂಕ 81 ಕೆ.ಜಿ. ಮಾತ್ರೆಗಳು: ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಗ್ಲಿಮಿಪಿರೈಡ್ 1 ಮಿ.ಗ್ರಾಂ. ಬೆಳಗಿನ ತಿಂಡಿಗೆ ಮುಂಚೆ. ಎದ್ದ ಮೇಲೆ ಖಾಲಿ ಹೊಟ್ಟೆಯಲ್ಲಿ 40 ನಿಮಿಷ ವಾಕಿಂಗ್, ವಾರಕ್ಕೆ ಆರು ದಿನ. ಕಾಫಿಗೆ ಸಕ್ಕರೆ ಇಲ್ಲ, ಸಿಹಿ ತಿನಿಸು ಇಲ್ಲ. ಮನೆಯ ಮೀಟರ್‌ನಲ್ಲಿ ಫಾಸ್ಟಿಂಗ್ 118ರಿಂದ 130ರೊಳಗೇ ಇರುತ್ತದೆ. ಆದರೂ ಈ ಸಲ ಎಚ್‌ಬಿಎ1ಸಿ 8.1 ಬಂದಿದೆ.

ಲ್ಯಾಬ್‌ನಲ್ಲಿ ತಪ್ಪಾಗಿರಬಹುದೇ? ವಾಕಿಂಗ್ ಇನ್ನೂ 20 ನಿಮಿಷ ಹೆಚ್ಚಿಸಲೇ ಅಥವಾ ಬೇರೆ ವ್ಯಾಯಾಮ ಬೇಕೇ? ಅನ್ನ ಪೂರ್ತಿ ಬಿಡಬೇಕೇ? ಮಾತ್ರೆ ಹೆಚ್ಚಿಸುವ ಮುಂಚೆ ಡಾಕ್ಟರು ಮೂರು ತಿಂಗಳು ಸಮಯ ಕೊಟ್ಟಿದ್ದಾರೆ, ಮಧುಮೇಹ ಶಿಕ್ಷಣದ ತರಗತಿಗೂ ಹೋಗಿ ಎಂದಿದ್ದಾರೆ. "ಸಿಹಿ ತಿನ್ನಬೇಡಿ, ನಡೆಯಿರಿ" ಅನ್ನುವುದನ್ನು ಬಿಟ್ಟು ಅಲ್ಲಿ ಬೇರೇನಾದರೂ ಹೇಳಿಕೊಡುತ್ತಾರೆಯೇ?

ಹನಿಲೆಕ್ಕ:

ಲ್ಯಾಬೂ ಸುಳ್ಳು ಹೇಳುತ್ತಿಲ್ಲ, ಮೀಟರೂ ಸುಳ್ಳು ಹೇಳುತ್ತಿಲ್ಲ. ಇಡೀ ದಿನದಲ್ಲಿ ನಿಮ್ಮ ಶುಗರ್ ಎಲ್ಲಕ್ಕಿಂತ ಚೆನ್ನಾಗಿರುವ ಆ ಒಂದು ಗಳಿಗೆಯನ್ನು ಮಾತ್ರ ನೀವು ಅಳೆಯುತ್ತಿದ್ದೀರಿ, ಅಷ್ಟೆ.

ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆಯಿರಿ. ಬರುವುದು ಸರಾಸರಿ ಗ್ಲೂಕೋಸ್, ಮಿ.ಗ್ರಾಂ./ಡಿ.ಎಲ್. ಲೆಕ್ಕದಲ್ಲಿ. 8.1ಕ್ಕೆ ಸುಮಾರು 186 ಬರುತ್ತದೆ, 7ಕ್ಕೆ 154. ಫಾಸ್ಟಿಂಗ್ 125ರ ಆಸುಪಾಸು ಇದ್ದೂ ಸರಾಸರಿ 186 ಆಗಬೇಕಾದರೆ ದಿನದ ಬೇರೆ ಯಾವುದೋ ಹೊತ್ತಿನಲ್ಲಿ ಅದು 200 ದಾಟಿ ಕೂತಿರಲೇಬೇಕು. ಹೆಚ್ಚಿನವರಲ್ಲಿ ಅದು ಊಟ-ತಿಂಡಿಯ ನಂತರದ ಎರಡು ಮೂರು ಗಂಟೆ.

ಒಂದು ಅನುಮಾನ ಮಾತ್ರ ಮೊದಲೇ ಪರಿಹರಿಸಿಕೊಳ್ಳಿ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಕೆಂಪು ರಕ್ತಕಣ ಬೇಗ ಒಡೆಯುವ ಕಾಯಿಲೆ ಇದ್ದರೆ ಅಥವಾ ರಕ್ತ ಹೋಗಿದ್ದರೆ ಕಡಿಮೆ ತೋರಿಸುತ್ತದೆ. ಇತ್ತೀಚೆಗೆ ಹಿಮೋಗ್ಲೋಬಿನ್ ನೋಡಿಸಿಲ್ಲವಾದರೆ ನೋಡಿಸಿ.

ಆಮೇಲೆ ಜೋಡಿ ಪರೀಕ್ಷೆ. ಊಟಕ್ಕೆ ಕೂರುವ ಮುಂಚೆ ಒಂದು ರೀಡಿಂಗ್, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು. ಊಟ ಮುಗಿಸಿ ಎರಡು ಗಂಟೆ ಎಂದುಕೊಂಡರೆ ಏರಿದ್ದು ಇಳಿಯಲು ಶುರುವಾಗಿರುತ್ತದೆ, ಸಂಖ್ಯೆ ನೋಡಿ ಸಮಾಧಾನವಾಗುತ್ತದೆ, ಏರಿಕೆ ಮಾತ್ರ ಕಣ್ತಪ್ಪಿರುತ್ತದೆ. ಒಂದೇ ದಿನ ಆರು ಸಲ ಚುಚ್ಚಿಕೊಳ್ಳಬೇಕಾಗಿಲ್ಲ. ಇವತ್ತು ತಿಂಡಿಯ ಜೋಡಿ, ನಾಳೆ ಮಧ್ಯಾಹ್ನದ ಊಟದ್ದು, ನಾಡಿದ್ದು ರಾತ್ರಿಯದ್ದು, ಮತ್ತೆ ಮೊದಲಿನಿಂದ. ಪಕ್ಕದಲ್ಲಿ ಏನು, ಎಷ್ಟು ತಿಂದಿರಿ ಅಂತ ಒಂದು ಸಾಲು ಬರೆಯಿರಿ. ಸಾಮಾನ್ಯ ಗುರಿ ಊಟಕ್ಕೆ ಮುಂಚೆ 80ರಿಂದ 130, ನಂತರ 180ರೊಳಗೆ; ವಯಸ್ಸು, ಬೇರೆ ಕಾಯಿಲೆ ನೋಡಿ ಡಾಕ್ಟರು ಇದನ್ನು ಬದಲಿಸಬಹುದು. ನನ್ನ ಮಟ್ಟಿಗೆ ಆ ಎರಡು ಸಂಖ್ಯೆಗಳಿಗಿಂತ ಅವುಗಳ ನಡುವಿನ ಅಂತರವೇ ಹೆಚ್ಚು ಕೆಲಸಕ್ಕೆ ಬರುವುದು. ಏರಿಕೆ 50ರ ಒಳಗಿದ್ದರೆ ಆ ಊಟದ ತಂಟೆಗೆ ಹೋಗಬೇಡಿ. 90, 100 ಏರಿದರೆ ಕಳ್ಳ ಅಲ್ಲೇ ಇದ್ದಾನೆ.

ಅಳೆಯುವಾಗ ಆಗುವ ತಪ್ಪುಗಳು: ಹಣ್ಣು ಸುಲಿದ ಕೈ ತೊಳೆಯದೆ ಚುಚ್ಚಿಕೊಂಡರೆ ಬೆರಳ ಮೇಲಿನ ಸಕ್ಕರೆಯೂ ಲೆಕ್ಕಕ್ಕೆ ಸೇರಿ ಸಂಖ್ಯೆ ಎಷ್ಟಕ್ಕೋ ಹಾರುತ್ತದೆ. ಸೋಪಿನಿಂದ ತೊಳೆದು ಪೂರ್ತಿ ಒರೆಸಿಕೊಳ್ಳಿ, ಒದ್ದೆ ಬೆರಳಿನಲ್ಲಿ ಹನಿ ತೆಳುವಾಗುತ್ತದೆ. ಬೆರಳ ತುದಿಯ ನಡುವೆ ಬೇಡ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಗಟ್ಟಿಯಾಗಿ ಹಿಂಡಬೇಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವಾಂಶಕ್ಕೆ ಸ್ಟ್ರಿಪ್ ಕೆಡುತ್ತದೆ. ಇನ್ನೊಂದು ವಿಷಯ: ಮೀಟರ್‌ಗಳಿಗಿರುವ ಐಎಸ್ಒ 15197 ಮಾನದಂಡವೇ 100ರ ಮೇಲಿನ ರೀಡಿಂಗ್‌ಗಳಿಗೆ ಶೇ. 15ರಷ್ಟು ಆಚೀಚೆ ಒಪ್ಪುತ್ತದೆ. ನಿನ್ನೆ 142, ಇವತ್ತು 150 ಎಂದು ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಹೆಜ್ಜೆಗುರುತು:

ವಾಕಿಂಗ್ ಹೆಚ್ಚಿಸಬೇಡಿ, ಹಂಚಿ. ವಾರಕ್ಕೆ 150 ನಿಮಿಷ ಅನ್ನುವುದು ಸಾಮಾನ್ಯ ಗುರಿ, ನೀವು ಆಗಲೇ 240 ನಿಮಿಷ ನಡೆಯುತ್ತಿದ್ದೀರಿ. ಕೊರತೆ ಇರುವುದು ನಡೆಯುವ ಹೊತ್ತಿನಲ್ಲಿ.

ಸ್ನಾಯು ಕೆಲಸ ಮಾಡುವಾಗ ಗ್ಲೂಟ್4 ಎಂಬ ಸಾಗಣೆಯ ಪ್ರೋಟೀನು ಸ್ನಾಯುಕೋಶದ ಒಳಗಿನಿಂದ ಹೊರಪೊರೆಗೆ ಬಂದು ರಕ್ತದ ಗ್ಲೂಕೋಸನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇದಕ್ಕೆ ಇನ್ಸುಲಿನ್‌ನ ಅಪ್ಪಣೆ ಬೇಕಿಲ್ಲ. ಇನ್ಸುಲಿನ್‌ಗೆ ಸ್ನಾಯು ಸರಿಯಾಗಿ ಓಗೊಡದ ಟೈಪ್ 2ನಲ್ಲಿ ಇದು ಹಿಂಬಾಗಿಲು ಇದ್ದಂತೆ. ಆ ಬಾಗಿಲನ್ನು ರಕ್ತದಲ್ಲಿ ಗ್ಲೂಕೋಸ್ ಏರುತ್ತಿರುವಾಗ ತೆರೆದರೆ ಲಾಭ. ಅದಕ್ಕೇ ಊಟ ಮುಗಿಸಿ ಅರ್ಧ ಗಂಟೆಯೊಳಗೆ ಹೊರಟು 10–15 ನಿಮಿಷ ನಡೆಯಿರಿ, ಮೂರು ಹೊತ್ತೂ. ಬೆಳಗಿನ 40 ನಿಮಿಷ ಮನಸ್ಸಿಗೆ ಹಿತವಾಗಿದ್ದರೆ ಅದನ್ನು 20ಕ್ಕೆ ಇಳಿಸಿ ಉಳಿಸಿಕೊಳ್ಳಿ. ವೇಗಕ್ಕೆ ಸುಲಭದ ಅಳತೆ ಇದೆ: ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ನಿಮ್ಮ ಪಟ್ಟಿಯಲ್ಲಿ ಪೂರ್ತಿ ಬಿಟ್ಟುಹೋಗಿರುವುದು ಸ್ನಾಯು ಬಲಪಡಿಸುವ ವ್ಯಾಯಾಮ. ಊಟದ ಗ್ಲೂಕೋಸ್‌ನ ದೊಡ್ಡ ಪಾಲು ಹೋಗಿ ಸೇರುವ ಉಗ್ರಾಣವೇ ಸ್ನಾಯು. 50 ದಾಟಿದ ಮೇಲೆ ಆ ಉಗ್ರಾಣ ತಾನಾಗಿ ಕುಗ್ಗುತ್ತಾ ಬರುತ್ತದೆ, ವಾಕಿಂಗ್ ಒಂದರಿಂದಲೇ ಅದು ನಿಲ್ಲುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು. ಜಿಮ್ ಬೇಕಿಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ, ರಬ್ಬರ್ ಪಟ್ಟಿಯನ್ನು ಎದೆಯತ್ತ ಎಳೆಯುವುದು, ಹಿಮ್ಮಡಿ ಎತ್ತಿ ಇಳಿಸುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು. ಪ್ರತಿಯೊಂದೂ 10–12 ಸಲ, ಎರಡು ಸುತ್ತು, ಸುತ್ತುಗಳ ನಡುವೆ ಒಂದು ನಿಮಿಷ ವಿರಾಮ. ಕೊನೆಯ ಎರಡು ಸಲ ಕಷ್ಟವಾಗಬೇಕು. ಹಾಗನ್ನಿಸದಿದ್ದರೆ ಭಾರ ಹೆಚ್ಚಿಸಿ ಅಥವಾ ಇಳಿಯುವುದನ್ನು ನಿಧಾನ ಮಾಡಿ. ಎತ್ತುವಾಗ ಉಸಿರು ಬಿಡಿ. ಉಸಿರು ಕಟ್ಟಿ ತಿಣುಕಿದರೆ ಬಿಪಿ ಜಿಗಿಯುತ್ತದೆ. ಕಣ್ಣಿನ ಪರೀಕ್ಷೆ ಮಾಡಿಸದೆ ಭಾರ ಎತ್ತಲು ಹೋಗಬೇಡಿ. ರೆಟಿನಾದಲ್ಲಿ ಹೊಸ ದುರ್ಬಲ ರಕ್ತನಾಳ ಬೆಳೆದಿದ್ದರೆ ಹಾಗೆ ತಿಣುಕುವುದರಿಂದಲೇ ಒಳಗೆ ರಕ್ತ ಸೋರಬಹುದು.

ವ್ಯಾಯಾಮದಿಂದ ಇನ್ಸುಲಿನ್‌ಗೆ ಸ್ಪಂದನೆ ಸುಧಾರಿಸುತ್ತದೆ, ಆದರೆ ಅದು ಒಂದರಿಂದ ಮೂರು ದಿನದೊಳಗೆ ಕರಗಿಹೋಗುತ್ತದೆ. ಭಾನುವಾರ ಎರಡು ಗಂಟೆ ಬೆವರಿಳಿಸಿ ಉಳಿದ ದಿನ ಕುರ್ಚಿಗೆ ಅಂಟಿಕೊಂಡರೆ ಲೆಕ್ಕ ಸರಿಹೋಗುವುದಿಲ್ಲ. ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ. ಕೂತು ಮಾಡುವ ಕೆಲಸವಾದರೆ ಅರ್ಧ ಗಂಟೆಗೊಮ್ಮೆ ಎದ್ದು ಎರಡು ಮೂರು ನಿಮಿಷ ಓಡಾಡಿ.

ಏದುಸಿರು ಬರುವಷ್ಟು ಜೋರಾಗಿ ಓಡಿದ ತಕ್ಷಣ ಅಳೆದರೆ ಸಂಖ್ಯೆ ಏರಿರಬಹುದು. ಅಡ್ರಿನಲಿನ್ ಯಕೃತ್ತಿನಿಂದ ಗ್ಲೂಕೋಸ್ ಹೊರಡಿಸುತ್ತದೆ, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಇದನ್ನು ನೋಡಿ "ನನಗೆ ವ್ಯಾಯಾಮ ಆಗಿಬರಲ್ಲ" ಎಂದು ಕೈಬಿಟ್ಟವರು ಬೇಕಾದಷ್ಟು ಜನ.

ನೇರಮಾತು:

ಇಷ್ಟೆಲ್ಲ ಲೆಕ್ಕ ಯಾಕೆ? ಅನ್ನ, ಬ್ರೆಡ್, ಹಣ್ಣು, ಬೇಳೆ ಎಲ್ಲ ಬಂದ್ ಮಾಡಿ. ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ; ಚಿಕ್ಕದಾಗಿ ಕಾರ್ಬ್) ದಿನಕ್ಕೆ 30 ಗ್ರಾಂ ದಾಟಬಾರದು. ವಾರದಲ್ಲಿ ಶುಗರ್ ಇಳಿಯುತ್ತೆ, ಮಾತ್ರೆ ಕಸದಬುಟ್ಟಿಗೆ.

ಮಾತ್ರೆಪೆಟ್ಟಿಗೆ:

ನೇರಮಾತು ಅವರೇ, ಇಳಿಯುತ್ತದೆ ಅನ್ನುವುದು ನಿಜ. ಎಲ್ಲಿಯವರೆಗೆ ಇಳಿಯುತ್ತದೆ ಅನ್ನುವುದೇ ಪ್ರಶ್ನೆ. ಇವರು ಗ್ಲಿಮಿಪಿರೈಡ್ ತೆಗೆದುಕೊಳ್ಳುತ್ತಿದ್ದಾರೆ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಇಷ್ಟು ಹೆದರಬೇಕಿರಲಿಲ್ಲ, ಅದು ಒಂಟಿಯಾಗಿ ಶುಗರ್ ಅಪಾಯದ ಮಟ್ಟಕ್ಕೆ ಇಳಿಸುವುದು ಅಪರೂಪ. ಗ್ಲಿಮಿಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಗುಂಪು ಹಾಗಲ್ಲ. ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ನೋಡದೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ಮಾತ್ರೆ ಅಷ್ಟೇ ಇಟ್ಟುಕೊಂಡು ಕಾರ್ಬ್ ತೆಗೆದರೆ ಶುಗರ್ 70ರ ಕೆಳಗೆ ಜಾರುತ್ತದೆ. ಕಾರ್ಬ್ ಬಹಳ ಕಡಿಮೆ ಮಾಡುವವರು ಮೊದಲು ಡಾಕ್ಟರ ಜೊತೆ ಕೂತು ಮಾತ್ರೆ ಇಳಿಸಿಕೊಂಡು ಶುರುಮಾಡಬೇಕು. ತಾವಾಗಿ ಮಾತ್ರೆ ನಿಲ್ಲಿಸುವುದೂ ತಪ್ಪು, ಮಾತ್ರೆ ಹಾಗೇ ಇಟ್ಟುಕೊಂಡು ಊಟ ನಿಲ್ಲಿಸುವುದೂ ತಪ್ಪು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತರಹದ, ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಮಾತ್ರೆ ನುಂಗುವವರು ಇದನ್ನು ಓದುತ್ತಿದ್ದರೆ: ಅವುಗಳ ಜೊತೆ ಉಪವಾಸ ಅಥವಾ ಅತಿ ಕಡಿಮೆ ಕಾರ್ಬ್ ಸೇರಿದರೆ ಮೀಟರ್‌ನಲ್ಲಿ ಶುಗರ್ ಅಷ್ಟೇನೂ ಏರದೆಯೇ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು. ಸಂಖ್ಯೆ ಚೆನ್ನಾಗಿದೆಯಲ್ಲ ಎಂದು ವಾಂತಿ, ಹೊಟ್ಟೆನೋವು, ಏದುಸಿರನ್ನು ಕಡೆಗಣಿಸಿದರೆ ಜೀವಕ್ಕೆ ಅಪಾಯ.

ಲೋ ಶುಗರ್ ಲಕ್ಷಣಗಳು: ಕೈ ನಡುಕ, ತಣ್ಣನೆಯ ಬೆವರು, ಎದೆಬಡಿತ, ಇದ್ದಕ್ಕಿದ್ದಂತೆ ಹಸಿವು, ಸಿಡುಕು, ಮಾತು ತೊದಲುವುದು. ಮೀಟರ್ 70ರ ಕೆಳಗೆ ತೋರಿಸಿದರೆ, ಅಥವಾ ಮೀಟರ್ ಕೈಗೆ ಸಿಗದಿದ್ದರೆ ಲಕ್ಷಣ ನೋಡಿಯೇ, 15 ಗ್ರಾಂ ಗ್ಲೂಕೋಸ್ ತೆಗೆದುಕೊಳ್ಳಿ. ಗ್ಲೂಕೋಸ್ ಮಾತ್ರೆ ಇಲ್ಲದಿದ್ದರೆ ಮೂರು ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಕಿ, ಅಥವಾ ಅರ್ಧ ಲೋಟಕ್ಕಿಂತ ತುಸು ಹೆಚ್ಚು, ಸುಮಾರು 150 ಮಿ.ಲೀ. ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ, ಇನ್ನೂ 70 ದಾಟಿಲ್ಲವಾದರೆ ಇನ್ನೊಮ್ಮೆ ಅಷ್ಟೇ. ದಾಟಿದ ಮೇಲೆ ಊಟದ ಹೊತ್ತು ದೂರವಿದ್ದರೆ ಏನಾದರೂ ತಿನ್ನಿ. ಚಾಕೊಲೇಟ್, ಐಸ್‌ಕ್ರೀಮ್ ಬೇಡ. ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಕೈಗೆ ಸಿಕ್ಕಿದ್ದೆಲ್ಲ ತಿಂದು 300ಕ್ಕೆ ಹಾರಿಸಿಕೊಳ್ಳುವುದು ಇನ್ನೊಂದು ತಪ್ಪು. ಪಿಷ್ಟ-ಸಕ್ಕರೆ ಜೀರ್ಣವಾಗುವುದನ್ನು ನಿಧಾನ ಮಾಡುವ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಮಾಮೂಲಿ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಶುದ್ಧ ಗ್ಲೂಕೋಸೇ ಬೇಕು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ಇದ್ದರೆ ನಡುಕ, ಎದೆಬಡಿತ ಗೊತ್ತಾಗದೇ ಹೋಗಬಹುದು, ಬೆವರು ಮಾತ್ರ ಉಳಿಯುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಮಗ್ಗುಲಾಗಿ ಮಲಗಿಸಿ, ಗ್ಲುಕಗಾನ್ (ಶುಗರ್ ಏರಿಸುವ ಹಾರ್ಮೋನಿನ ಔಷಧಿ) ಇದ್ದರೆ ಕೊಟ್ಟು, ಆಂಬ್ಯುಲೆನ್ಸ್ ಕರೆಸಿ.

ತಿಳಿನೀರು ಅವರೇ, ಊಟದ ನಂತರ ನಡೆಯಲು ಹೊರಟಾಗಲೂ ಜೇಬಿನಲ್ಲಿ ಗ್ಲೂಕೋಸ್ ಇರಲಿ. ವ್ಯಾಯಾಮಕ್ಕೆ ಮುಂಚೆ 90ರ ಕೆಳಗಿದ್ದರೆ 15 ಗ್ರಾಂ ಕಾರ್ಬ್ ತಿಂದು ಹೊರಡಿ. 250 ದಾಟಿ ಮೈ ಹುಷಾರಿಲ್ಲ ಅನ್ನಿಸಿದರೆ, ಮೂತ್ರದಲ್ಲಿ ಕೀಟೋನ್ (ದೇಹ ಕೊಬ್ಬು ಉರಿಸಿದಾಗ ಬರುವ ಆಮ್ಲೀಯ ವಸ್ತು) ಇದ್ದರೆ, ಆ ದಿನ ವ್ಯಾಯಾಮ ಬೇಡ.

ಅರ್ಧತಟ್ಟೆ:

ಅನ್ನ ಬಿಡಬೇಕಾಗಿಲ್ಲ, ಅಳೆಯಬೇಕು. 22–23 ಸೆಂ.ಮೀ. ಅಗಲದ ತಟ್ಟೆ ತೆಗೆದುಕೊಳ್ಳಿ. ಅರ್ಧ ತಟ್ಟೆ ಪಿಷ್ಟ ಇಲ್ಲದ ತರಕಾರಿ, ಸೊಪ್ಪು. ಕಾಲು ಭಾಗ ಪ್ರೋಟೀನು: ಬೇಳೆಕಾಳು, ಮೊಟ್ಟೆ, ಮೀನು, ಕೋಳಿ, ಪನೀರ್, ಯಾವುದಾದರೂ. ಉಳಿದ ಕಾಲು ಭಾಗ ಅನ್ನವೋ ಬ್ರೆಡ್ಡೋ. ಆಲೂಗಡ್ಡೆ, ಮುಸುಕಿನ ಜೋಳ, ಗೆಣಸು ತರಕಾರಿ ಅಂಗಡಿಯಲ್ಲಿ ಸಿಕ್ಕರೂ ತಟ್ಟೆಯಲ್ಲಿ ಅವುಗಳ ಜಾಗ ಅನ್ನದ ಕಾಲು ಭಾಗದಲ್ಲಿ. ಈ ಒಂದು ವಿಷಯದಲ್ಲಿ ಎಡವುವವರೇ ಹೆಚ್ಚು.

ಒಂದು ತಿಂಗಳು ಅಡುಗೆಮನೆಯ ತಕ್ಕಡಿ ಬಳಸಿ. ಬೇಯಿಸಿದ ಅನ್ನ 100 ಗ್ರಾಂನಲ್ಲಿ ಸುಮಾರು 28 ಗ್ರಾಂ ಕಾರ್ಬ್, ಬೇಯಿಸಿದ ಕಾಳು 100 ಗ್ರಾಂನಲ್ಲಿ 20 ಗ್ರಾಂ (ಜೊತೆಗೆ ನಾರು, ಪ್ರೋಟೀನು ಸಿಗುವುದರಿಂದ ಏರಿಕೆ ನಿಧಾನ), ಆಲೂಗಡ್ಡೆಯಲ್ಲಿ 20, ಬ್ರೆಡ್ ಒಂದು ಹೋಳಿನಲ್ಲಿ 13ರಿಂದ 15, ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 25ಕ್ಕಿಂತ ತುಸು ಹೆಚ್ಚು, ಒಂದು ಲೋಟ ಹಾಲಿನಲ್ಲಿ 12. ತಿಂಗಳು ಕಳೆದರೆ ಕಣ್ಣೇ ತಕ್ಕಡಿಯಾಗುತ್ತದೆ. ಹೆಚ್ಚಿನವರಿಗೆ ಒಂದು ಊಟಕ್ಕೆ 40–50 ಗ್ರಾಂ ಕಾರ್ಬ್‌ನಿಂದ ಶುರುಮಾಡಿ, ಎರಡು ಗಂಟೆಯ ರೀಡಿಂಗ್ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳುವುದು ಸರಿಹೋಗುತ್ತದೆ.

ತಿನ್ನುವ ಕ್ರಮವೂ ಮುಖ್ಯ. ಮೊದಲು ತರಕಾರಿ, ಪ್ರೋಟೀನು ತಿಂದು ಅನ್ನವನ್ನು ಕೊನೆಗೆ ಇಟ್ಟುಕೊಂಡರೆ ಅದೇ ಊಟಕ್ಕೆ ಏರಿಕೆ ಕಡಿಮೆ. ಒಂದು ಗುಕ್ಕೂ ಬಿಡಬೇಕಾಗಿಲ್ಲ, ಪುಕ್ಕಟೆ ಲಾಭ. "ಸಕ್ಕರೆ ಸೇರಿಸಿಲ್ಲ" ಎಂದು ಬರೆದ ಬಿಸ್ಕತ್ತನ್ನು ನಂಬಬೇಡಿ. ಹಿಟ್ಟು ಇದ್ದೇ ಇರುತ್ತದೆ, ಪಿಷ್ಟ ಜೀರ್ಣವಾದರೆ ಗ್ಲೂಕೋಸೇ. ಪೊಟ್ಟಣದ ಹಿಂದೆ "ಒಟ್ಟು ಕಾರ್ಬೋಹೈಡ್ರೇಟ್" ಸಾಲು ನೋಡಿ, ಅದು 100 ಗ್ರಾಂಗೋ ಒಂದು ಬಿಸ್ಕತ್ತಿಗೋ ಅಂತಲೂ ನೋಡಿ. ಜೇನುತುಪ್ಪ, ಕಂದು ಸಕ್ಕರೆ ಎಲ್ಲ ಬಿಳಿ ಸಕ್ಕರೆಯ ಅಣ್ಣತಮ್ಮಂದಿರೇ.

ತೂಕದ ಮಾತು. 81 ಕೆ.ಜಿ.ಯಲ್ಲಿ ಶೇ. 5 ಅಂದರೆ 4 ಕೆ.ಜಿ. ಇಳಿದರೂ ರೀಡಿಂಗ್‌ನಲ್ಲಿ ಫಲ ಕಾಣುತ್ತದೆ. ಬ್ರಿಟನ್ನಿನಲ್ಲಿ ನಡೆದ ಡೈರೆಕ್ಟ್ ಅಧ್ಯಯನದಲ್ಲಿ (2017) ಟೈಪ್ 2 ಬಂದು ಆರು ವರ್ಷದೊಳಗಿನ, ಇನ್ಸುಲಿನ್ ತೆಗೆದುಕೊಳ್ಳದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿಯ ಆಸುಪಾಸಿನ ಆಹಾರ ಕೊಟ್ಟರು. ವರ್ಷದ ಕೊನೆಗೆ ಶೇ. 46 ಮಂದಿ ಮಾತ್ರೆ ಇಲ್ಲದೆ ಎಚ್‌ಬಿಎ1ಸಿಯಲ್ಲಿ 6.5ರ ಕೆಳಗಿದ್ದರು, 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ. 86. ನೇರಮಾತು ಅವರು ಹೇಳುವ ಫಲ ಸುಳ್ಳಲ್ಲ ಅಂತಾಯಿತು. ಆದರೆ ಅಲ್ಲಿ ಮೊದಲ ದಿನವೇ ಶುಗರ್ ಮಾತ್ರೆಗಳನ್ನು ವೈದ್ಯರೇ ನಿಲ್ಲಿಸಿ, ಉದ್ದಕ್ಕೂ ನಿಗಾ ಇಟ್ಟಿದ್ದರು.

ತಿಳಿನೀರು:

ಎಲ್ಲರಿಗೂ ಧನ್ಯವಾದ. ಹಿಮೋಗ್ಲೋಬಿನ್ 14.2 ಇದೆ. ಒಂದು ವಾರದ ಜೋಡಿ ರೀಡಿಂಗ್‌ಗಳು:

ತಿಂಡಿ: 122 → 238, ಇನ್ನೊಂದು ದಿನ 126 → 229
ಮಧ್ಯಾಹ್ನ: 139 → 191, 144 → 186
ರಾತ್ರಿ: 128 → 172, 133 → 169

ತಿಂಡಿಗೆ ಬ್ರೆಡ್ ಮೂರು ಹೋಳು, ಮನೆಯಲ್ಲೇ ಹಿಂಡಿದ, ಸಕ್ಕರೆ ಹಾಕದ ಕಿತ್ತಳೆ ರಸ 200 ಮಿ.ಲೀ., ಒಂದು ಬಾಳೆಹಣ್ಣು. ಒಂದು ದಿನ ಮಧ್ಯಾಹ್ನದ ಊಟ ತಡವಾಗಿ ಕೈ ನಡುಕ ಬಂತು, ಮೀಟರ್ 66 ತೋರಿಸಿತು.

ಹನಿಲೆಕ್ಕ:

ಕಳ್ಳ ಸಿಕ್ಕ. ರಾತ್ರಿ ಊಟದ ಏರಿಕೆ 36, 44, ಅದನ್ನು ಮುಟ್ಟಬೇಡಿ. ಮಧ್ಯಾಹ್ನದ್ದು 52, 42, ಆಮೇಲೆ ನೋಡೋಣ. ತಿಂಡಿಯದ್ದು 116 ಮತ್ತು 103.

ಬೆಳಗಿನ ಹೊತ್ತು ಕಾರ್ಟಿಸೋಲ್, ಬೆಳವಣಿಗೆಯ ಹಾರ್ಮೋನು ಏರಿರುವುದರಿಂದ ಇನ್ಸುಲಿನ್‌ಗೆ ದೇಹದ ಸ್ಪಂದನೆ ಮಂದ. ಅದೇ ಮೂರು ಹೋಳು ಬ್ರೆಡ್ಡನ್ನು ರಾತ್ರಿ ತಿಂದರೆ ಇಷ್ಟು ಏರದೇ ಇರಬಹುದು. ನಿಮ್ಮ ವಾಕಿಂಗ್ ಇರುವುದೋ, ಈ ಏರಿಕೆ ಶುರುವಾಗುವ ಮುಂಚೆ.

ಅರ್ಧತಟ್ಟೆ:

ಕೂಡಿ ನೋಡಿ: ಬ್ರೆಡ್ 42, ರಸ 20, ಬಾಳೆಹಣ್ಣು 26. ಒಟ್ಟು 88 ಗ್ರಾಂ ಕಾರ್ಬ್, ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆ ಹಾಕದ ರಸ ಅಂದರೆ ಸಕ್ಕರೆ ಇಲ್ಲದ ರಸ ಅಲ್ಲ. ಎರಡು ಮೂರು ಹಣ್ಣಿನ ಸಕ್ಕರೆಯನ್ನು ನಾರು ತೆಗೆದು ಒಂದೇ ಗುಟುಕಿಗೆ ಕುಡಿದಂತೆ. ಲೋ ಶುಗರ್ ಆದಾಗ ಕೊಡಲು ಮಾತ್ರೆಪೆಟ್ಟಿಗೆ ಅವರು ಹೇಳಿದ್ದೂ ಇದೇ ರಸವನ್ನು, ಅಷ್ಟು ಬೇಗ ಏರಿಸುತ್ತದೆ ಅಂತ.

ರಸ ಪೂರ್ತಿ ಬಿಡಿ. ಎರಡು ಹೋಳು ಬ್ರೆಡ್, ಎರಡು ಮೊಟ್ಟೆ ಅಥವಾ ಪನೀರ್, ಒಂದು ಬಟ್ಟಲು ಸೌತೆಕಾಯಿ-ಟೊಮೆಟೊ ಮೊದಲಿಗೆ, ಅರ್ಧ ಬಾಳೆಹಣ್ಣು ಅಥವಾ ಒಂದು ಇಡೀ ಕಿತ್ತಳೆ. 40–45 ಗ್ರಾಂಗೆ ಇಳಿಯುತ್ತದೆ. ಮೊದಲ ಮೂರು ದಿನ ಇದಿಷ್ಟೇ, ವಾಕಿಂಗ್ ಮೊದಲಿನ ಹಾಗೇ. ಜೋಡಿ ರೀಡಿಂಗ್ ತೆಗೆಯಿರಿ. ಮುಂದಿನ ಮೂರು ದಿನ ತಿಂಡಿಯ ನಂತರ 15 ನಿಮಿಷ ನಡಿಗೆ ಸೇರಿಸಿ ಮತ್ತೆ ನೋಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಎಷ್ಟು ಕೆಲಸ ಮಾಡಿತು ಅಂತ ತಿಳಿಯುವುದಿಲ್ಲ. ಮುಂದೆ ಮಳೆ ಬಂದು ನಡೆಯಲಾಗದ ದಿನ ಊಟದಲ್ಲಿ ಎಷ್ಟು ಸರಿದೂಗಿಸಬೇಕು ಅನ್ನುವುದು ಆ ಲೆಕ್ಕದಿಂದಲೇ ಗೊತ್ತಾಗುವುದು.

ಮಾತ್ರೆಪೆಟ್ಟಿಗೆ:

ಆ 66 ಬಗ್ಗೆ ತಿಂಡಿ ಬದಲಿಸುವ ಮುಂಚೆಯೇ ಡಾಕ್ಟರಿಗೆ ಫೋನ್ ಮಾಡಿ. ಬೆಳಗಿನ ಗ್ಲಿಮಿಪಿರೈಡ್ ಮಧ್ಯಾಹ್ನಕ್ಕೂ ಕೆಲಸ ಮಾಡುತ್ತಲೇ ಇರುತ್ತದೆ, ಊಟ ತಡವಾದರೆ ಶುಗರ್ ಇಳಿಯುತ್ತದೆ. ಈಗ ತಿಂಡಿಯ ಕಾರ್ಬ್ ಅರ್ಧಕ್ಕೆ ಇಳಿಸಿ ನಡಿಗೆಯನ್ನೂ ಸೇರಿಸುತ್ತಿದ್ದೀರಿ, ಇನ್ನೂ ಸುಲಭವಾಗಿ ಇಳಿಯುತ್ತದೆ. "ತಿಂಡಿಯ ಕಾರ್ಬ್ 88ರಿಂದ 45ಕ್ಕೆ ಇಳಿಸುತ್ತಿದ್ದೇನೆ, ಒಮ್ಮೆ 66 ಆಗಿತ್ತು, ಗ್ಲಿಮಿಪಿರೈಡ್ ಹೀಗೇ ಇರಲೇ?" ಎಂದು ಹೀಗೆಯೇ ಕೇಳಿ. ಅವರಿಗೂ ತೀರ್ಮಾನ ಸುಲಭ. ಉತ್ತರ ಸಿಗುವವರೆಗೆ ಮಧ್ಯಾಹ್ನದ ಊಟದ ಹೊತ್ತು ತಪ್ಪಿಸಬೇಡಿ, ವಾಹನ ಓಡಿಸುವ ಮುಂಚೆ ಒಮ್ಮೆ ಅಳೆಯಿರಿ.

ಪಾಠಪಟ್ಟಿ:

ತರಗತಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಈ ಚರ್ಚೆಯಲ್ಲಿ ಈಗ ನಡೆದಿದ್ದೇ ಒಳ್ಳೆಯ ತರಗತಿಯಲ್ಲೂ ನಡೆಯಬೇಕು. ವ್ಯತ್ಯಾಸ ಇಷ್ಟೇ, ಅಲ್ಲಿ ನಿಮ್ಮನ್ನು ಎದುರಿಗೆ ಕೂರಿಸಿಕೊಂಡಿರುತ್ತಾರೆ. ಮೀಟರ್, ರೀಡಿಂಗ್ ಪುಸ್ತಕ, ಎಲ್ಲ ಮಾತ್ರೆಗಳು, ದಿನಾ ಹಾಕುವ ಚಪ್ಪಲಿ-ಶೂ ಸಮೇತ ಹೋಗಿ. ನೀವು ಚುಚ್ಚಿಕೊಳ್ಳುವುದನ್ನು ನೋಡಿ ತಿದ್ದದೆ, ನಿಮ್ಮ ಸಂಖ್ಯೆಗಳನ್ನು ಕೇಳದೆ ಬರೀ ಸ್ಲೈಡ್ ಓಡಿಸಿದರೆ ಬೇರೆ ತರಗತಿ ಹುಡುಕಿ.

ಕೇಳಿ ತಿಳಿದುಕೊಳ್ಳಬೇಕಾದ್ದರಲ್ಲಿ ಮುಖ್ಯವಾದ್ದು ಹುಷಾರಿಲ್ಲದ ದಿನದ ಯೋಜನೆ. ಜ್ವರ ಬಂದರೆ ತಿನ್ನದಿದ್ದರೂ ಶುಗರ್ ಏರುತ್ತದೆ. ವಾಂತಿ-ಭೇದಿಯಲ್ಲಿ ನೀರಿನಂಶ ಕಡಿಮೆಯಾದಾಗ ಮೆಟ್‌ಫಾರ್ಮಿನ್ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಯಾವಾಗ ನಿಲ್ಲಿಸುವುದು, ಯಾವಾಗ ಮತ್ತೆ ಶುರುಮಾಡುವುದು ಅಂತ ಹುಷಾರಾಗಿರುವಾಗಲೇ ಬರೆಸಿಕೊಳ್ಳಿ. ಇನ್ಸುಲಿನ್ ಮೇಲಿರುವವರು ತಾವಾಗಿ ಅದನ್ನು ನಿಲ್ಲಿಸಲೇಬಾರದು.

ಎರಡನೆಯದು ಪಾದ. ತರಗತಿಯಲ್ಲಿ ಒಂದು ನೈಲಾನ್ ಎಳೆ ಒತ್ತಿ ಸ್ಪರ್ಶ ಗೊತ್ತಾಗುತ್ತದೆಯೇ ನೋಡುತ್ತಾರೆ, 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ಗೊತ್ತಾಗದಿದ್ದರೆ ಶೂ ಒಳಗಿನ ಕಲ್ಲೂ ಗೊತ್ತಾಗುವುದಿಲ್ಲ, ಮೂರು ಹೊತ್ತಿನ ನಡಿಗೆ ಗಾಯ ಮಾಡಿಬಿಡುತ್ತದೆ. ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು, ಬೆರಳ ಸಂದಿ ನೋಡಿ. ಹಿಮ್ಮಡಿಗೆ ಕ್ರೀಮ್ ಹಚ್ಚಿ, ಬೆರಳ ಸಂದಿಗೆ ಬೇಡ. ಶೂ ಹಾಕುವ ಮುಂಚೆ ಒಳಗೆ ಕೈಯಾಡಿಸಿ. ಕಾಲನ್ನು ಬಿಸಿನೀರಿನಲ್ಲಿ ನೆನೆಸಬೇಡಿ.

ಉಳಿದಂತೆ ವರ್ಷಕ್ಕೊಮ್ಮೆ ಕಣ್ಣಿನ ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆ, ಮೂತ್ರಪಿಂಡದ ಸ್ಥಿತಿ ತಿಳಿಯಲು ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (30 ಮಿ.ಗ್ರಾಂ./ಗ್ರಾಂ ದಾಟಬಾರದು), ಕೊಲೆಸ್ಟ್ರಾಲ್. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದು, ಅದರ ಕೊರತೆಯೂ ಕಾಲು ಜೋಮು ಹಿಡಿಸುತ್ತದೆ. ಜೋಮು ಅಂದ ಕೂಡಲೇ ಎಲ್ಲವನ್ನೂ ಶುಗರ್ ತಲೆಗೆ ಕಟ್ಟಬೇಡಿ.

ತಿಳಿನೀರು:

ಡಾಕ್ಟರು ಗ್ಲಿಮಿಪಿರೈಡ್ ಸದ್ಯಕ್ಕೆ ನಿಲ್ಲಿಸಿ, ಎರಡು ವಾರದ ರೀಡಿಂಗ್ ತರಲು ಹೇಳಿದರು. ಹೊಸ ತಿಂಡಿಯ ಮೂರನೇ ದಿನ 127 → 181. ನಡಿಗೆ ನಾಳೆಯಿಂದ ಸೇರಿಸುತ್ತೇನೆ. ಒಂದೇ ಪ್ರಶ್ನೆ: ಸ್ಟ್ರಿಪ್ ಇಷ್ಟೇ ಬೇಗ ಖಾಲಿ ಮಾಡುತ್ತಿರಬೇಕೇ? ಎಚ್‌ಬಿಎ1ಸಿ ಒಂದು ತಿಂಗಳಿಗೇ ನೋಡಿಸಬಹುದೇ?

ಹನಿಲೆಕ್ಕ:

116ರ ಬದಲು 54, ಅದೂ ಗ್ಲಿಮಿಪಿರೈಡ್ ಇಲ್ಲದೆ. ನಡಿಗೆ ಸೇರಿದ ಮೇಲೆ ಏನಾಗುತ್ತದೆ ಬರೆಯಿರಿ.

ದಿನಕ್ಕೊಂದು ಜೋಡಿ ಅಂದರೆ ವಾರಕ್ಕೆ 14 ಸ್ಟ್ರಿಪ್. ಇದು ಡಾಕ್ಟರು ಕೇಳಿರುವ ಎರಡು ವಾರಕ್ಕೆ ಮಾತ್ರ. ಮಾತ್ರೆ ನಿಲ್ಲಿಸಿರುವುದರಿಂದ ಫಾಸ್ಟಿಂಗ್ ಏರುತ್ತಿದೆಯೇ ಅಂತಲೂ ತಿಳಿಯುತ್ತದೆ, ತಿಂಡಿ ಜೋಡಿಯ ಮೊದಲ ರೀಡಿಂಗೇ ಅದು. ತಿಂಡಿಯ ಏರಿಕೆ ಸತತವಾಗಿ 50ರೊಳಗೆ ನಿಂತ ಮೇಲೆ ವಾರಕ್ಕೆ ಎರಡು ಜೋಡಿ ಸಾಕು. ಹೊಸ ತಿನಿಸು, ಜ್ವರ, ಮಾತ್ರೆ ಬದಲಾವಣೆ ಇದ್ದಾಗ ಮತ್ತೆ ಹೆಚ್ಚಿಸಿ. ಡಬ್ಬಿಯಲ್ಲಿ ನಾಲ್ಕೈದು ಸ್ಟ್ರಿಪ್ ಲೋ ಶುಗರ್ ಅನುಮಾನಕ್ಕೆ ಅಂತ ಸದಾ ಮೀಸಲಿರಲಿ.

ಎಚ್‌ಬಿಎ1ಸಿ ತಿಂಗಳಿಗೆ ಬೇಡ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಫಲಿತಾಂಶದಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲು ಕೊನೆಯ ಒಂದು ತಿಂಗಳಿನದು, ಉಳಿದದ್ದು ಅದರ ಹಿಂದಿನದು. ಈಗಲೇ ನೋಡಿಸಿದರೆ ಹಳೆಯ ಕಿತ್ತಳೆ ರಸದ ದಿನಗಳೂ ಅದರಲ್ಲಿ ಬೆರೆತಿರುತ್ತವೆ. ಹೊಸ ತಿಂಡಿ ಶುರುವಾದ ದಿನದಿಂದ ಮೂರು ತಿಂಗಳು ಎಣಿಸಿ, ಅದೇ ಲ್ಯಾಬ್‌ನಲ್ಲಿ ಕೊಡಿ.